ಪಕ್ಕದ ಮನೆಯ ಅಂಕಲ್ ಪಾದಗಳು

ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹಿಡಿಯ ಕೈಗನ್ನಡಿ, ಹೆಂಗಸರು ಬೈತಲೆ ನೋಡಿಕೊಳ್ಳಲು ಇಟ್ಟುಕೊಳ್ಳುವಂಥದ್ದು. ಅದನ್ನು ಹಿಡಿದುಕೊಂಡು ಪಕ್ಕದ ಮನೆಯ ಮುಂಬಾಗಿಲ ಮೆಟ್ಟಿಲ ಮೇಲೆ ಎತ್ತರದ ಮುದುಕರೊಬ್ಬರು ಕೂತಿದ್ದರು. ಎಡಗಾಲನ್ನು ಬಲತೊಡೆಯ ಮೇಲೆ ಎಳೆದುಕೊಂಡು, ಕನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, ಹಿಮ್ಮಡಿಯಿಂದ ಬೆರಳ ಸಂದಿಯವರೆಗೆ ನಿಧಾನವಾಗಿ ನೋಡುತ್ತಿದ್ದರು. ಪಾದಗಳೇನೋ ಚೆನ್ನಾಗಿಯೇ ಇದ್ದವು. ಉದ್ದ ಬೆರಳುಗಳು, ನೇರವಾಗಿ ಕತ್ತರಿಸಿದ ಉಗುರುಗಳು. ಆದರೂ ಗಂಡಸೊಬ್ಬ ತನ್ನ ಅಂಗಾಲನ್ನು ಇಷ್ಟು ಅಕ್ಕರೆಯಿಂದ ನೋಡಿಕೊಳ್ಳುವುದನ್ನು ನಾನು ಕಂಡಿರಲಿಲ್ಲ. ಮೆಲ್ಬರ್ನ್ ಅಂಚಿನ ವಿಂಡಮ್ ವೇಲ್‌ನ ಬಾಡಿಗೆ ಮನೆಗೆ ಸಾಮಾನು ಇಳಿಸುತ್ತಿದ್ದ ದಿನ ಅದು. ಒಳ್ಳೇ ಪಕ್ಕದ ಮನೆ ಸಿಕ್ಕಿತು ಬಿಡು ಎಂದುಕೊಂಡು ಒಳಗೆ ಹೋದೆ.

ನಾನು ಆಗ ಸಿಡ್ನಿ ಬಿಟ್ಟು ಮೆಲ್ಬರ್ನ್‌ಗೆ ಬಂದಿದ್ದೆ. ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ನಮಗೊಂದು ಮನೆ ಇತ್ತು, ನನಗೊಂದು ಮದುವೆ ಇತ್ತು. ಎರಡೂ ಮುಗಿದವು. ಮುಗಿದದ್ದಕ್ಕಿಂತ ಹೆಚ್ಚು ಕಾಡಿದ್ದು ಅದರ ಸುದ್ದಿ. ಆ ಸಬರ್ಬ್‌ನಲ್ಲಿ ವಾಕಿಂಗ್ ಹೋದರೂ, ತರಕಾರಿ ತರಲು ಹೋದರೂ ನಮ್ಮ ಹುಬ್ಬಳ್ಳಿ ಕಡೆಯ ಯಾರಾದರೊಬ್ಬ ಆಂಟಿ ಎದುರಾಗಿ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡಿದ್ರ ಆಗ್ತಿತ್ತಲ್ಲವಾ" ಎನ್ನುವರು. ಆಫೀಸಿನವರು ಮೆಲ್ಬರ್ನ್‌ನಲ್ಲಿ ಜಾಗ ಇದೆ ಎಂದಾಗ ನಾನು ಮರುಮಾತಿಲ್ಲದೆ ಒಪ್ಪಿದೆ. ಬಂದ ಮೇಲೆ ಯಾರ ಜೊತೆಗೂ ಮಾತು ಬೇಡವಾಗಿತ್ತು. ಅಮ್ಮ ಧಾರವಾಡದಿಂದ ಫೋನ್ ಮಾಡಿದಾಗ ಹಿತ್ತಲಿಗೆ ಹೋಗಿ ಜಗಳ ಆಡುತ್ತಿದ್ದೆ, ಅಷ್ಟೇ.

ಒಂದು ಸಂಜೆ ಬೇಲಿಯಾಚೆಯಿಂದ ದನಿ ಬಂತು.

"ಧಾರವಾಡದವರಾ ನೀವು?"

"ಹೌದ್ರೀ. ನಿಮಗ ಹೆಂಗ ಗೊತ್ತಾತು?"

"ಫೋನಲ್ಲಿ ಬೈದದ್ದು ಕೇಳಿತು. ಚಂದ ಬೈತೀರಿ ಮಾರಾಯ್ತಿ."

ಹೀಗೆ ಪರಿಚಯವಾದವರು ಅಂಕಲ್. ಮಂಗಳೂರಿನ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ. ಇಲ್ಲಿನ ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು ಮತ್ತು ಆಂಟಿ ಇಬ್ಬರೇ. ಕನ್ನಡಿಯ ವಿಷಯ ನಾನೇ ಕೇಳಿದೆ, ಕೇಳದೆ ಇರಲಾಗಲಿಲ್ಲ.

"ಶುಗರ್," ಎಂದರು. "ನನ್ನ ಪಾದಗಳು ನನ್ನ ಹತ್ರ ಮಾತು ಬಿಟ್ಟು ವರ್ಷಗಳಾಯ್ತು. ಮುಳ್ಳು ಚುಚ್ಚಿದ್ರೂ ಹೇಳುದಿಲ್ಲ, ಸುಟ್ರೂ ಹೇಳುದಿಲ್ಲ. ಹಾಗಾಗಿ ದಿನಾ ನಾನೇ ಹೋಗಿ ವಿಚಾರಿಸ್ಬೇಕು."

ನಕ್ಕು ಹೇಳಿದರು. ನನಗೆ ನಗು ಬರಲಿಲ್ಲ. ನನ್ನಪ್ಪನಿಗೂ ಅದೇ ಇತ್ತು. ಹೊಸ ಚಪ್ಪಲಿ ಕಚ್ಚಿದೆ ಅಷ್ಟೇ, ಏನೂ ಆಗಿಲ್ಲ ಎಂದು ಅಪ್ಪ ಕಾಲಿಗೆ ಧೋತರ ಮುಚ್ಚಿಕೊಂಡು ಓಡಾಡಿದರು. ನಾವು ಮನೆಮಂದಿಯೆಲ್ಲ ಹೌದೆಂದು ನಂಬಿದೆವು. ಗಾಯ ಮೇಲೇರಿತು, ಮೊದಲು ಕಾಲು ಹೋಯಿತು, ಆಮೇಲೆ ಅಪ್ಪ. ಇದನ್ನು ಅಂಕಲ್‌ಗೆ ಆವತ್ತು ಹೇಳಲಿಲ್ಲ.

ಅವರ ಇನ್ನೊಂದು ಹುಚ್ಚು ಗೊತ್ತಾದದ್ದು ಎದುರಿನ ಪಾರ್ಕಿನಲ್ಲಿ. ಬೆಳಿಗ್ಗೆ ನಾಯಿ ತಿರುಗಾಡಿಸುವವರ ನಡುವೆ ನಿಂತು ಉದ್ದನೆಯ ತೆಳ್ಳಗಿನ ಗಾಳದ ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸುವರು. ಹಳದಿ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿ ಹುಲ್ಲಿನ ಮೇಲೆ ಸದ್ದಿಲ್ಲದೆ ಇಳಿಯುವುದು. ನೀರಿಲ್ಲ, ಮೀನಿಲ್ಲ, ದಾರದ ತುದಿಯಲ್ಲಿ ಕೊಕ್ಕೆಯ ಬದಲು ಉಣ್ಣೆಯ ಚೂರು. ನಾನು ನಿಂತು ನೋಡಿದೆ. ಅವರು ನನ್ನನ್ನು ಎಲ್ಲಿಂದ ಬಂದೆ, ಗಂಡ ಎಲ್ಲಿ, ಮಕ್ಕಳೆಷ್ಟು ಎಂದು ಯಾವತ್ತೂ ಕೇಳಿದವರಲ್ಲ. ಆವತ್ತು ಕೇಳಿದ್ದು ಒಂದೇ ಪ್ರಶ್ನೆ.

"ನಿಮಗೆ ಸುಮ್ಮನೆ ನಿಲ್ಲಲಿಕ್ಕೆ ಬರ್ತದಾ?"

ಬರುವುದಿಲ್ಲ ಎಂದೆ. ಹಾಗಾದರೆ ಶನಿವಾರ ಬನ್ನಿ ಎಂದರು.

ಮ್ಯಾನ್ಸ್‌ಫೀಲ್ಡ್ ಊರು ದಾಟಿ, ಬೆಟ್ಟ ಇಳಿದು ಹೋದರೆ ಹೌಕ್ವಾ ನದಿ. ಮಂಡಿಯುದ್ದ ನೀರು, ಕೆಳಗೆಲ್ಲ ಉರುಟು ಕಲ್ಲು, ದಡದಲ್ಲಿ ಬ್ಲ್ಯಾಕ್‌ಬೆರಿ ಮುಳ್ಳು. ಮೀನಿನ ಹೆಸರು ಟ್ರೌಟ್. ಅದನ್ನು ಅಂಕಲ್ ಎರೆಹುಳು ಸಿಕ್ಕಿಸಿ ಹಿಡಿಯುವವರಲ್ಲ. ನೂಲು, ಪುಕ್ಕ, ಕೂದಲು ಸುತ್ತಿ ಸಣ್ಣ ಕೊಕ್ಕೆಯ ಮೇಲೆ ನಕಲಿ ಹುಳ ಕಟ್ಟಿ, ಅದನ್ನು ನೀರಿನ ಮೇಲೆ ತೇಲಿಬಿಟ್ಟು ಮೀನನ್ನು ನಂಬಿಸಬೇಕು. ಆ ನಕಲಿ ಹುಳಕ್ಕೆ ಫ್ಲೈ ಎನ್ನುತ್ತಾರೆ. ಹಿಡಿದ ಮೀನನ್ನು ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿ ಕಳಿಸಿಬಿಡುವರು. ಕೊಕ್ಕೆ ಸಲೀಸಾಗಿ ಬರಲೆಂದು ಅದರ ಒಳಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತಿದ್ದರು. ಇದು ನನ್ನಂಥ ಸಸ್ಯಾಹಾರಿ ಲಿಂಗಾಯತರವಳಿಗೆ ಹೇಗೋ ನುಂಗಬಹುದಾದ ವ್ಯವಹಾರ. ಆದರೆ ಆಂಟಿಗೆ ಇದು ಕುಲಕ್ಕೇ ಅವಮಾನ.

"ನೋಡು, ದಿನವಿಡೀ ನಿಂತು ಹಿಡಿಯುದು, ಆಮೇಲೆ ಟಾಟಾ ಮಾಡಿ ಬಿಡುದು," ಎಂದು ನನ್ನೆದುರೇ ಹಂಗಿಸುವರು. "ಮದುವೆಗೆ ಮೊದಲು ಈ ವಿಷಯ ಗೊತ್ತಿದ್ರೆ ನಮ್ಮಪ್ಪ ಇವರಿಗೆ ನನ್ನನ್ನು ಕೊಡ್ತಿರ್ಲಿಲ್ಲ." ಹಾಗೆ ಹೇಳುತ್ತಲೇ ಮಾರ್ಕೆಟ್ಟಿನಿಂದ ತಂದ ಬೇರೆ ಯಾವುದೋ ಮೀನಿನ ಸಾರನ್ನು ಗಂಡನಿಗೆ ಬಡಿಸುವರು. ನನಗೆ ಬೇರೆ ಪಾತ್ರೆಯಲ್ಲಿ ನೀರುದೋಸೆ, ಕಾಯಿಬೆಲ್ಲ ಇರುತ್ತಿತ್ತು.

ಆಂಟಿಯ ಕಾನೂನು ಒಂದೇ: ಸಂಜೆ ಕನ್ನಡಿ ನೋಡಿದರೆ ಮಾತ್ರ ಶನಿವಾರ ನದಿ. ಡಾಕ್ಟರು ನೀರಿಗೆ ಇಳಿಯುವುದೇ ಬೇಡ ಎಂದಿದ್ದರು. ಅಂಕಲ್ ಚೌಕಾಸಿ ಮಾಡಿ ಕನ್ನಡಿಗೆ ಒಪ್ಪಿಸಿದ್ದರು.

ವಸಂತವೆಂದರೆ ಇಲ್ಲಿ ನಮ್ಮ ದಸರಾ, ದೀಪಾವಳಿಯ ಹೊತ್ತು. ಆಗ ನದಿತಳದ ಕಲ್ಲುಗಳಿಗೆ ಅಂಟಿಕೊಂಡು ಬೆಳೆದ ಮೇಫ್ಲೈ ಎಂಬ ಹುಳಗಳು, ನೀರು ಸ್ವಲ್ಪ ಬೆಚ್ಚಗಾದ ಮಧ್ಯಾಹ್ನ, ಒಮ್ಮೆಲೇ ಮೇಲೇಳುತ್ತವೆ. ನೀರಿನ ಮೇಲೆ ಪೊರೆ ಬಿಟ್ಟು, ಒದ್ದೆ ರೆಕ್ಕೆ ಆರುವವರೆಗೆ ತೇಲುತ್ತವೆ. ಅಷ್ಟರಲ್ಲಿ ಟ್ರೌಟ್‌ಗಳು ಬಂದು ಒಂದೊಂದನ್ನೇ ಹೀರಿಕೊಳ್ಳುತ್ತವೆ. ಖಾಲಿಯಿದ್ದ ನದಿಯ ತುಂಬ ಬಳೆಗಳು ಬಿದ್ದಂತೆ ಅಲೆಯೇಳುತ್ತದೆ. ಮೊದಲ ಸಲ ಅದನ್ನು ಕಂಡಾಗ ನಾನು ಗಾಬರಿಯಿಂದ ಗಾಳವನ್ನು ಪಟಪಟ ಬಾರಿಸಿ ಎಲ್ಲ ಮೀನನ್ನೂ ಓಡಿಸಿದೆ. ಅಂಕಲ್ ಬೈಯಲಿಲ್ಲ.

"ಹುಳ ಏಳುವಾಗ ನಾವು ಕೂತ ಹಾಗೆ ಇರ್ಬೇಕು ಬಾಯೆ," ಎಂದರು. ಬಾಯೆ ಎಂದರೆ ಕೊಂಕಣಿಯಲ್ಲಿ ಮಗಳೇ ಎಂದ ಹಾಗೆ. ಅಂದಿನಿಂದ ನಾನು ಅವರಿಗೆ ಬಾಯೆಯೇ ಆದೆ, ನೀವು ಹೋಗಿ ನೀನು ಆದೆ. ಅವರು ಹೇಳಿದಂತೆ ಅಲುಗಾಡದೆ ನಿಂತೆ. ತಣ್ಣನೆ ನೀರು ಮೊಣಕಾಲನ್ನು ಒತ್ತಿ ಹೋಗುತ್ತಿತ್ತು. ಸಿಡ್ನಿಯನ್ನು ನೆನೆಯದೆ ಒಂದಿಡೀ ಮಧ್ಯಾಹ್ನ ಕಳೆದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಗೊತ್ತಾದಾಗ ಬಾತ್‌ರೂಮಿನಲ್ಲಿ ಕೂತು ಅತ್ತೆ.

ಅಲ್ಲಿಂದ ವಸಂತ ಬಂತೆಂದರೆ ನನಗೂ ಶನಿವಾರಗಳು ಬರುತ್ತಿದ್ದವು. ಹೌಕ್ವಾದ ಹುಳಗಳ ಮೈ ಕಂದುಗೆಂಪು. ಅಂಗಡಿಯ ಯಾವ ದಾರವೂ ಸರಿಹೊಂದುತ್ತಿಲ್ಲ ಎಂದು ಅಂಕಲ್ ಕೊರಗುತ್ತಿದ್ದರು. ಹರಿದ ನನ್ನ ಇಳಕಲ್ ಸೀರೆಯೊಂದಿತ್ತು, ಮದುವೆಯಲ್ಲಿ ಉಟ್ಟದ್ದು, ಎಸೆಯಲು ಮನಸ್ಸಾಗದೆ ಸಿಡ್ನಿಯಿಂದ ಹೊತ್ತು ತಂದದ್ದು. ಅದನ್ನು ಕೊಟ್ಟೆ. ಅವರು ದಾರವನ್ನು ಬೆಳಕಿಗೆ ಹಿಡಿದು, ನೀರಲ್ಲಿ ಅದ್ದಿ ನೋಡಿ, "ಇದು, ಇದು," ಎಂದು ಕೂಗಿಬಿಟ್ಟರು. ಆಮೇಲೆ ಆ ಮದುವೆ ಸೀರೆ ಎಳೆಯೆಳೆಯಾಗಿ ಹುಳವಾಗಿ ಹೌಕ್ವಾದಲ್ಲಿ ತೇಲಿತು. ಅದಕ್ಕೆ ಅದಕ್ಕಿಂತ ಒಳ್ಳೆಯ ಗತಿ ಸಿಗುತ್ತಿರಲಿಲ್ಲ. ಫ್ಲೈ ಕಟ್ಟುವ ಮೇಜು ಅವರ ಹಾಲ್‌ನಲ್ಲೇ ಇತ್ತು. ಕೊಕ್ಕೆಗಳು ಕಾರ್ಪೆಟ್ಟಿಗೆ ಬೀಳುತ್ತವೆ ಎಂದು ಆಂಟಿ ರೇಗುತ್ತಿದ್ದರು.

ಎಲ್ಲ ಕೆಟ್ಟದ್ದು ಒಂದು ದೀಪಾವಳಿಯ ವಾರ. ಆವತ್ತಿನಷ್ಟು ಹುಳ ಎದ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಗಾಳಿಯಿಲ್ಲ, ಮೋಡದ ಮರೆಯ ಬೆಳಕು, ನಮ್ಮ ಟೋಪಿ, ತೋಳುಗಳ ಮೇಲೆಲ್ಲ ಹುಳ. ಅಂಕಲ್ ನದಿಯ ನಡುವೆ ನಿಂತು ಗಾಳ ಬೀಸುತ್ತಿದ್ದರು. ಆದರೆ ಹೆಜ್ಜೆ ಸರಿಯಿರಲಿಲ್ಲ. ಪ್ರತಿ ಸಲ ಕಾಲೆತ್ತುವ ಮೊದಲು ಬಗ್ಗಿ ನೀರೊಳಗೆ ನೋಡುತ್ತಿದ್ದರು, ಎಡವಿ, ಸೊಂಟಕ್ಕೆ ಕಟ್ಟಿಕೊಂಡಿದ್ದ ಆಸರೆಯ ಕೋಲೂರುತ್ತಿದ್ದರು. ಕೇಳಿದ್ದಕ್ಕೆ, "ಕಲ್ಲು ಜಾರ್ತದೆ," ಎಂದರು.

ಹುಳ ನಿಂತ ಮೇಲೆ ಕಾರಿನ ಹತ್ತಿರ ಬಂದು, ನೀರಿಗಿಳಿಯಲು ತೊಟ್ಟಿದ್ದ ಎದೆಮಟ್ಟದ ರಬ್ಬರ್ ಪ್ಯಾಂಟು ಕಳಚಿದರು. ಕಾಲುಚೀಲ ಬಿಚ್ಚಲು ಕೂತರು. ಎಡಗಾಲಿನದು ಬಂತು. ಬಲಗಾಲಿನದು ಬರಲಿಲ್ಲ. ಹೆಬ್ಬೆರಳ ಬುಡದಲ್ಲಿ ಹಿಡಿದುಕೊಂಡಿತ್ತು. ಜೋರಾಗಿ ಎಳೆದರು. ನಾನು ಅವಲಕ್ಕಿ ಚೂಡಾದ ಡಬ್ಬಿ ಬಿಚ್ಚುತ್ತಿದ್ದವಳು ತಿರುಗಿ ನೋಡಿದೆ. ಕಾಲುಚೀಲಕ್ಕೂ ಅಂಗಾಲಿಗೂ ಸೇರಿಸಿ ಹೊಲಿದಂತೆ ಒಂದು ಫ್ಲೈ ಚುಚ್ಚಿಕೊಂಡಿತ್ತು. ಮಣ್ಣಾಗಿದ್ದರೂ ದಾರ ಗುರುತು ಸಿಕ್ಕಿತು, ನನ್ನ ಸೀರೆಯದೇ.

"ನೋಡು ಬಾಯೆ, ಇವತ್ತು ದೊಡ್ಡ ಮೀನೇ ಸಿಕ್ಕಿತು," ಎಂದರು ಅಂಕಲ್.

ಒತ್ತಿದ ಮುಳ್ಳಾದ್ದರಿಂದ ಕೊಕ್ಕೆ ಸಲೀಸಾಗಿ ಹೊರಬಂತು. ಅದರ ಹಿಂದೆ ಬಂದದ್ದು ರಕ್ತವಲ್ಲ. ಸುತ್ತಲಿನ ಚರ್ಮ ನೇರಳೆಗೆ ತಿರುಗಿತ್ತು, ವಾಸನೆಯಿತ್ತು. ಆ ವಾಸನೆ ನನಗೆ ಗೊತ್ತು. ಅಪ್ಪನ ಕೋಣೆಯಲ್ಲಿ ಊದುಬತ್ತಿ ಹಚ್ಚಿ ಮುಚ್ಚಲು ನೋಡಿದ ವಾಸನೆ ಅದು.

"ಇದು ಇವತ್ತಿಂದಲ್ಲ ಅಂಕಲ್. ಹೋದ ಶನಿವಾರನೂ ಇದ ಕಾಲುಚೀಲ ಹಾಕ್ಕೊಂಡಿದ್ರಿ. ಕನ್ನಡಿ ನೋಡಿರೇನ್ರೀ?"

ಅವರು ಟವೆಲ್ ಸುತ್ತಿಕೊಂಡರು. "ಹುಳ ಏಳುವುದೇ ಕೆಲವು ವಾರ. ಕನ್ನಡಿ ನೋಡಿದ್ರೆ ಅದು ಏನಾದ್ರೂ ಹೇಳ್ತದೆ. ಹೇಳಿದ್ರೆ ಇವಳು ನದಿ ಬಂದ್ ಮಾಡ್ತಾಳೆ. ಈ ಸೀಸನ್ ಒಂದು ಮುಗೀಲಿ."

"ಆಂಟಿಗೆ ಹೇಳಬೇಕ್ರೀ."

"ಹೇಳ್ಬಾರ್ದು. ನೀನು ನನಗೆ ಮಾತು ಕೊಡ್ಬೇಕು."

ನಾನು ಕೊಡಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಕಾರು ನಾನೇ ಓಡಿಸಿದೆ. ದಾರಿಯಲ್ಲೇ ಆಸ್ಪತ್ರೆಗೆ ಹೋಗೋಣ ಎಂದೆ, ಅವರು ಮನೆಯ ದಾರಿಗೇ ಕೈ ತೋರಿಸಿದರು. ನನ್ನನ್ನು ಏನೂ ಕೇಳದೆ ನದಿಯಲ್ಲಿ ನಿಲ್ಲಿಸಿದ ಮನುಷ್ಯನ ನದಿಯನ್ನೇ ನಾನು ಕಿತ್ತುಕೊಳ್ಳಬೇಕಾಗಿತ್ತು. ಆಂಟಿ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರು. ಅಂಕಲ್ ಹಾಲ್‌ನಲ್ಲಿ ಟಿವಿ ಹಾಕಿಕೊಂಡು ಕೂತರು. ನಾನು ಹೋಗಿ ಆಂಟಿಯ ಪಕ್ಕ ನಿಂತು ಎಲ್ಲ ಹೇಳಿದೆ, ಹಾಲ್‌ಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. ಕದ್ದು ಹೇಳಿದೆ ಎಂದು ಅವರಿಗೆ ಅನ್ನಿಸಬಾರದಿತ್ತು. ಟಿವಿಯ ಸದ್ದು ನಿಂತಿತು. ಆಂಟಿ ಕೈ ಒರೆಸಿಕೊಂಡು, ಒಲೆ ಆರಿಸಿ, ಕಾರಿನ ಕೀ ತೆಗೆದುಕೊಂಡರು.

ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ತೆಗೆದರು. ಇನ್ನು ಸ್ವಲ್ಪ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರಂತೆ ಡಾಕ್ಟರು. ನಾನು ಆಸ್ಪತ್ರೆಗೆ ಹೋದಾಗ ಅಂಕಲ್ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ನಾನು ನಿನ್ನನ್ನು ನಂಬಿದ್ದೆ," ಎಂದರು.

"ನಾವು ನಮ್ಮಪ್ಪನ್ನ ನಂಬಿದ್ವಿ ಅಂಕಲ್," ಎಂದೆ. ಅಪ್ಪನ ಕಥೆಯನ್ನು ಆವತ್ತು ಅವರ ಬೆನ್ನಿಗೆ ಹೇಳಿದೆ.

ಆಮೇಲೆ ಮಾತು ನಿಂತಿತು. ಬೇಸಿಗೆ ಹೋಗಿ ಚಳಿ ಬಂದರೂ ನಿಂತೇ ಇತ್ತು. ಸಂಜೆ ನಾನು ಆಫೀಸಿನಿಂದ ಬರುವ ಹೊತ್ತಿಗೆ ಅಂಕಲ್ ಮೆಟ್ಟಿಲ ಮೇಲೆ ಕೂತು, ನನಗೆ ಕಾಣಲೆಂದೇ ಗುಲಾಬಿ ಕನ್ನಡಿಯಲ್ಲಿ ಪಾದ ನೋಡಿಕೊಳ್ಳುವರು. ನಾನು ಕಾರಿನಿಂದ ಇಳಿದೊಡನೆ ಎದ್ದು ಕೋಲೂರಿಕೊಂಡು ಒಳಗೆ ಹೋಗುವರು. ಸಿಟ್ಟು ನನಗೂ ಬರುತ್ತಿತ್ತು. ಪಾದ ಉಳಿಸಿದವಳ ಮೇಲೆ ಇದೆಂಥ ಹಟ! ಮರುಗಳಿಗೆ ಅನಿಸುತ್ತಿತ್ತು, ಅವರಿಗೆ ಬೇಕಿದ್ದದ್ದು ಪಾದವೋ ನದಿಯೋ ಎಂದು ನಾನು ಕೇಳಿರಲೇ ಇಲ್ಲವಲ್ಲ. ಆ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ. ಆಂಟಿ ಬೇಲಿಯ ಮೇಲಿಂದ ದೋಸೆಯ ಡಬ್ಬಿ ದಾಟಿಸುತ್ತ, "ನೀನು ಮಾಡಿದ್ದು ಸರಿ ಉಂಟು, ಅವರು ಸರಿ ಆಗ್ತಾರೆ," ಎನ್ನುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಆಂಟಿಗೂ ಒಂದು ಹೊಸ ಅಭ್ಯಾಸ ಬಂದಿತ್ತು. ಗಂಡ ಶೂ ಹಾಕುವ ಮೊದಲು ಪ್ರತಿ ಸಲ ಅದರೊಳಗೆ ಕೈಹಾಕಿ, ತುದಿಯವರೆಗೆ ಬೆರಳಾಡಿಸಿ, ಕಲ್ಲೋ ಕೊಕ್ಕೆಯೋ ಇಲ್ಲವೆಂದು ನೋಡಿಯೇ ಕೊಡುವರು. ಚರ್ಚಿಗೆ ಹೊರಟಾಗ, ಯಾರದೋ ಮದುವೆಗೆ ಹೊರಟಾಗ, ಬಾಗಿಲಲ್ಲಿ ನಿಂತು ಹಾಗೆ ಮಾಡುವುದು ನನ್ನ ಕಿಟಕಿಗೆ ಕಾಣುತ್ತಿತ್ತು.

ಮತ್ತೆ ವಸಂತ ಬಂತು, ವ್ಯಾಟಲ್ ಮರಗಳು ಹಳದಿ ಹೂ ಬಿಟ್ಟವು. ನಾನು ನದಿಗೆ ಹೋಗಲಿಲ್ಲ. ಒಬ್ಬಳೇ ಹೋಗುವುದು ಕಳ್ಳತನದ ಹಾಗೆ ಅನಿಸುತ್ತಿತ್ತು. ಒಂದು ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಅಂಕಲ್ ನಿಂತಿದ್ದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಮಡಚುವ ಕುರ್ಚಿ, ಕಂಕುಳಲ್ಲಿ ಗಾಳದ ಚೀಲ.

"ಕಾರು ನಿನ್ನದಾ, ನನ್ನದಾ?" ಎಂದರು.

ಕ್ಷಮಿಸಿದೆ ಎನ್ನಲಿಲ್ಲ, ನೀನು ಮಾಡಿದ್ದು ಸರಿ ಎನ್ನಲಿಲ್ಲ. ಮ್ಯಾನ್ಸ್‌ಫೀಲ್ಡ್‌ವರೆಗೂ ರಸ್ತೆ ರಿಪೇರಿ ಮಾಡುವವರನ್ನು ಬೈದುಕೊಂಡು ಬಂದರು.

ದಡದಲ್ಲಿ ಕುರ್ಚಿ ಬಿಡಿಸಿ ಕೂರಿಸಿದೆ. ನಾನು ನೀರಿಗಿಳಿದು ಅವರ ಗಾಳ ಹಿಡಿದು ನಿಂತೆ. ಮಧ್ಯಾಹ್ನ ಹುಳ ಎದ್ದಿತು. ಮೀನುಗಳು ನನ್ನ ಮಂಡಿಯ ಸುತ್ತಲೇ ಬಾಯಿ ತೆರೆಯತೊಡಗಿದವು. ಈಗ ಬೀಸು ಎನ್ನುತ್ತಾರೆಂದು ಕಾದೆ.

"ಗಾಳ ಇಡು ಬಾಯೆ," ಎಂದರು. "ಬೂಟು ಬಿಚ್ಚು. ಬರಿಗಾಲಲ್ಲಿ ನಿಲ್ಲು."

"ಥಂಡಿ ಐತ್ರೀ ಅಂಕಲ್."

"ನಿಲ್ಲು. ಕಾಲಿಗೆ ಎಂತ ಸಿಗ್ತದೆ, ಹೇಳು."

ನನಗೆ ಆಗ ಅರ್ಥವಾಯಿತು. ನಾನು ಅವರ ಜೊತೆ ಬರಲು ಶುರುಮಾಡುವ ಎಷ್ಟೋ ಮೊದಲೇ ಆ ನದಿಯ ತಳ ಅವರ ಪಾಲಿಗೆ ಇಲ್ಲವಾಗಿತ್ತು. ಅಷ್ಟೂ ವರ್ಷ ಅವರು ಕಣ್ಣಿನಿಂದ ನೋಡಿಕೊಂಡು ನಿಂತಿದ್ದರು, ಕಾಲಿನಿಂದಲ್ಲ. ದಡಕ್ಕೆ ಬಂದು ಬೂಟು ಬಿಚ್ಚಿ ಮತ್ತೆ ಇಳಿದೆ. ನೀರು ಮೂಳೆಗೆ ತಾಗಿತು.

"ದುಂಡನ್ನ ಕಲ್ಲು ಅದಾವ್ರೀ," ಎಂದೆ. "ಸಣ್ಣವು. ಮ್ಯಾಲೆ ಪಾಚಿ, ಜಾರತಾವ. ಬೆರಳ ಸಂದ್ಯಾಗ ಉಸುಕು ಬರಾಕತ್ತೈತಿ. ಈಗ ಒಂದ್ ದೊಡ್ಡ ಕಲ್ಲು, ಚಪ್ಪಟೆ, ಒಂದ್ ಮೂಲಿ ಚೂಪೈತಿ. ಅದರ ಬಾಜೂಕ ಮೆತ್ತಗ... ಎಲಿ ಕೊಳತಾವ ಅಂತ ಕಾಣಸ್ತೈತಿ. ಏನೋ ಹರದಾಡಿದಂಗ ಆತ್ರೀ, ಹುಳಾ ಇರಬೇಕು."

"ಅವೇ," ಎಂದರು. "ಏಳ್ಲಿಕ್ಕೆ ಹೊರಟದ್ದು."

ಕಣ್ಣು ಮುಚ್ಚಿಕೊಂಡಿದ್ದರು. ನಾನು ಹೆಜ್ಜೆ ಹೆಜ್ಜೆಗೂ ಹೇಳುತ್ತ ಆಚೆ ದಡದವರೆಗೆ ಹೋಗಿ, ಬೇರೆ ದಾರಿಯಲ್ಲಿ ಹೇಳುತ್ತ ತಿರುಗಿ ಬಂದೆ. ಕಾಲು ಮರಗಟ್ಟಿ ನನಗೂ ಏನೂ ತಿಳಿಯದಾದಾಗ ಹಾಗೆಂದು ಹೇಳಿದೆ. ಅವರು ನಕ್ಕರು. "ಹಾಂ, ಇನ್ನು ನಿನಗೆ ನನ್ನ ಪಾದ ಆಯ್ತು. ಸಾಕು, ಮೇಲೆ ಬಾ." ಬಂದವಳ ಕಾಲಿಗೆ ತಮ್ಮ ಟವೆಲ್ ಸುತ್ತಿ, "ದೇವ್ ಬರೆಂ ಕರುಂ," ಎಂದರು. ದೇವರು ಒಳ್ಳೆಯದು ಮಾಡಲಿ ಎಂದು ಅರ್ಥ, ಕೊಂಕಣಿಯವರು ಉಪಕಾರ ನೆನೆಯುವುದು ಹೀಗೆ. ನಾನು ಬೇರೆ ಕಡೆ ತಿರುಗಿ ಬೂಟು ಹುಡುಕಿದೆ. ಆ ಮಧ್ಯಾಹ್ನ ಒಂದು ಮೀನನ್ನೂ ನಾವು ಮುಟ್ಟಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅಂಕಲ್ ಹೋದರು. ಮೊದಲು ಕಿಡ್ನಿ, ಆಮೇಲೆ ಹೃದಯ. ಪಾದದ ಗಾಯ ಕೊನೆಯವರೆಗೂ ಒಣಗಿಯೇ ಇತ್ತು. ಸಿಡ್ನಿಯಿಂದ ಓಡಿಬಂದ ನನಗೆ ಒಂದು ಜಾಗದಲ್ಲಿ ನಿಲ್ಲುವುದನ್ನು ಕಲಿಸಿದವರು ಅವರು. ಈಗ ಅದೇ ಬೀದಿಯಲ್ಲಿ ನಿಂತಿದ್ದೇನೆ, ಯಾರು ಏನು ಕೇಳಿದರೂ ಓಡುವುದಿಲ್ಲ. ಅದರ ಋಣ ತೀರಿಸಲು ಅವರು ಅವಕಾಶ ಕೊಡಲಿಲ್ಲ.

ಶವಸಂಸ್ಕಾರದ ಕಂಪನಿಯವರು ಬಟ್ಟೆ ಕೊಡಿ ಎಂದಿದ್ದರು. ಆಂಟಿ ಕರಿ ಸೂಟು, ಬಿಳಿ ಅಂಗಿ ತೆಗೆದಿಟ್ಟರು. ಕಪಾಟಿನ ಕೆಳಗಿಂದ ಚರ್ಚಿನ ಶೂ ತೆಗೆದು ಬಟ್ಟೆಯಿಂದ ಒರೆಸಿದರು. ನಾನು ಚೀಲ ಅಗಲಿಸಿ ಹಿಡಿದು ನಿಂತಿದ್ದೆ. ಆಂಟಿ ಅದರಲ್ಲಿ ಹಾಕಲಿಲ್ಲ. ಒಂದೊಂದು ಶೂ ಒಳಗೂ ಕೈಹಾಕಿ ತುದಿಯವರೆಗೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ಚಾಚಿದರು.

"ನನ್ನ ಕೈ ಇವತ್ತು ಸರಿ ಇಲ್ಲ. ನೀನೂ ಒಮ್ಮೆ ನೋಡು ಬಾಯೆ."

ನಾನು ಕೈಹಾಕಿ ನೋಡಿದೆ. ಬಲಗಾಲಿನ ಶೂ ತುದಿಯಲ್ಲಿ, ಇಲ್ಲದ ಬೆರಳುಗಳ ಜಾಗಕ್ಕೆ ಆಂಟಿ ತುಂಬಿಸಿದ್ದ ಹತ್ತಿ ಮೆತ್ತಗೆ ಸಿಕ್ಕಿತು.

"ಏನೂ ಇಲ್ರೀ ಆಂಟಿ," ಎಂದೆ. ಆಗ ಚೀಲಕ್ಕೆ ಹಾಕಿದರು.